ಭುಜಕೀರ್ತಿಯ ಭಾರ, ಬ್ಯಾಲೆಯ ಬಟ್ಟೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಭುಜಕೀರ್ತಿ ಕಟ್ಟಿದ ಕೂಡಲೇ ಪಾತ್ರಧಾರಿಯ ನಡಿಗೆ ಬದಲಾಗುತ್ತದೆ. ಮರದಲ್ಲಿ ಕೊರೆದು, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂಡಿಸಿದ ಕಿರೀಟ ತಲೆಯ ಮೇಲೆ, ಎದೆ ತುಂಬ ಎದೆಹಾರ, ಹೆಗಲೆರಡಕ್ಕೂ ಭುಜಕೀರ್ತಿ, ಕಾಲಿಗೆ ಗೆಜ್ಜೆ. ಇಷ್ಟನ್ನು ಹೊತ್ತವನು ಬರೀ ಕತ್ತು ಹೊರಳಿಸಿ ಎದುರಾಳಿಯನ್ನು ನೋಡಲಾರ, ಇಡೀ ಮೈಯೇ ತಿರುಗಬೇಕು. ಬಾಗಿದರೆ ಕಿರೀಟ ಜಾರುತ್ತದೆ, ಹಾಗಾಗಿ ಎದೆ ಸೆಟೆದೇ ಇರಬೇಕು. ಉಳಿಯುವುದು ಕಾಲು ಮಾತ್ರ. ಮದ್ದಳೆಯ ಪೆಟ್ಟಿಗೆ ಅಟ್ಟದ ಹಲಗೆ ಗುಡುಗುವಂತೆ ಬೀಳುವ ಆ ಹೆಜ್ಜೆಯನ್ನು ಮಾಸ್ತರರಷ್ಟೇ ಅಲ್ಲ, ವೇಷವೂ ಕಲಿಸಿದೆ ಎಂಬುದು ನನ್ನ ದೃಢವಾದ ನಂಬಿಕೆ.

ವೇಷಕ್ಕೂ ಹೆಜ್ಜೆಗೂ ಇರುವ ಈ ನಂಟನ್ನು ಯುರೋಪಿನ ಬ್ಯಾಲೆ ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ಜಗಳ ಮಾಡಿಯೇ ಕಂಡುಕೊಂಡಿತು. ಆವರೆಗೆ ಕಥೆ ಯಾವ ದೇಶದ್ದಾದರೂ ನರ್ತಕಿಗೆ ಸೊಂಟ ಬಿಗಿಯುವ ರವಿಕೆ, ನಿರಿಗೆ ನಿರಿಗೆಯಾಗಿ ಚಾಚಿದ ಗಿಡ್ಡ ಲಂಗ, ಗುಲಾಬಿ ಬಣ್ಣದ ಬಿಗಿ ಕಾಲುಚೀಲ ಇರಲೇಬೇಕಿತ್ತು. ಈಜಿಪ್ಟಿನ ರಾಣಿಯಾದರೂ ಅದೇ, ಭಾರತದ ದೇವದಾಸಿಯಾದರೂ ಅದೇ. 1904ರ ಕೊನೆಯಲ್ಲಿ ಅಮೆರಿಕದ ಇಸಡೋರಾ ಡಂಕನ್ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು, ಸಡಿಲ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಕುಣಿದಳು. 1907ರಲ್ಲಿ ನೃತ್ಯ ಸಂಯೋಜಕ ಮಿಖಾಯಿಲ್ ಫೋಕಿನ್ ಅಲ್ಲಿನ ಅರಮನೆ ರಂಗಮಂದಿರಕ್ಕೆ ‘ಯೂನಿಸ್’ ಎಂಬ ನೃತ್ಯ ಕಟ್ಟಿದಾಗ ಬರಿಗಾಲಿಗೆ ಅಪ್ಪಣೆ ಸಿಗಲಿಲ್ಲ. ಆತ ಕಾಲುಚೀಲದ ಮೇಲೆಯೇ ಹತ್ತು ಬೆರಳು, ಗುಲಾಬಿ ಉಗುರು ಬರೆಯಿಸಿದ. 1911ರ ಜನವರಿಯಲ್ಲಂತೂ ‘ಜಿಸೆಲ್’ ಪ್ರದರ್ಶನದಲ್ಲಿ ನಿಜಿನ್ಸ್ಕಿ ಕಾಲುಚೀಲದ ಮೇಲೆ ರೂಢಿಯ ಚಡ್ಡಿ ತೊಡದೆ ಗಿಡ್ಡ ಅಂಗಿಯಲ್ಲಿ ರಂಗಕ್ಕೆ ಬಂದ. ರಾಜಮಾತೆ ಸಭೆಯಲ್ಲಿದ್ದರು. ಅಂಗಿಯ ಉದ್ದದ ವಿಷಯಕ್ಕೆ ಲೋಕದ ಶ್ರೇಷ್ಠ ನರ್ತಕನ ನೌಕರಿ ಹೋಯಿತು.

ಅವನು ಹೋಗಿ ನಿಂತದ್ದು ರಷ್ಯದ ನೃತ್ಯ ಸಂಘಟಕ ಡಿಯಾಗಿಲೆವ್‌ನ ತಂಡದಲ್ಲಿ. 1909ರಲ್ಲಿ ಪ್ಯಾರಿಸ್ಸಿಗೆ ಬಂದಿದ್ದ ಆ ತಂಡಕ್ಕೆ ಲಿಯೋನ್ ಬಾಕ್ಸ್ಟ್ ವೇಷ ಬರೆಯುತ್ತಿದ್ದ. 1910ರ ‘ಶೆಹೆರಜಾದೆ’ಯಲ್ಲಿ ಕಿತ್ತಳೆ, ಪಚ್ಚೆ, ನೀಲಿ ಬಣ್ಣಗಳ ಸಡಿಲ ಪಾಯಿಜಾಮ, ಮುತ್ತಿನ ಸರ ಕಂಡ ಪ್ಯಾರಿಸ್ ಬೆರಗಾಯಿತು, ಊರಿನ ಹೆಂಗಸರ ಉಡುಪಿಗೂ ಆ ಬಣ್ಣ ಇಳಿಯಿತು. 1912ರಲ್ಲಿ ಭಾರತವೇ ಕಥಾಸ್ಥಳವಾದ ‘ನೀಲಿ ದೇವರು’ ಬಂತು. ಮೈಗೆ ನೀಲಿ ಬಳಿದುಕೊಂಡು, ಕಿರೀಟ ಇಟ್ಟು ನಿಜಿನ್ಸ್ಕಿ ನಿಂತ. ಆಟ ಗೆಲ್ಲಲಿಲ್ಲ. ಆದರೆ ಭೀಮಾ ತೀರದ ಹಳ್ಳಿಯವರಿಗೆ ಆ ವೇಷ ತೋರಿಸಿದ್ದರೆ ಕೃಷ್ಣ ಎಂದು ಗುರುತಿಸುತ್ತಿದ್ದರು.

ನಮ್ಮ ದೊಡ್ಡಾಟಕ್ಕೆ ನಿಜವಾಗಿ ಹತ್ತಿರದ್ದು ಮಾತ್ರ ಇನ್ನೊಂದು. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ನಡೆದ, ಸ್ಟ್ರಾವಿನ್ಸ್ಕಿ ಸಂಗೀತದ ‘ವಸಂತದ ಬಲಿ’. ನಿಕೊಲಾಯ್ ರೋರಿಚ್ ಅದಕ್ಕೆ ಹಳೆಯ ರಷ್ಯದ ಹಳ್ಳಿಗರ ವೇಷ ಮಾಡಿಸಿದ: ಚಿತ್ತಾರ ಬರೆದ ಉಣ್ಣೆಯ ದಪ್ಪ ನಿಲುವಂಗಿ. ಸೆಕೆ, ಭಾರ ಎರಡಕ್ಕೂ ನರ್ತಕರು ಗೊಣಗಿದರು. ನೃತ್ಯ ಕಟ್ಟಿದ ನಿಜಿನ್ಸ್ಕಿ ಆ ಬಟ್ಟೆಯೊಳಗೆ ಅವರನ್ನು ಹಗುರಾಗಿ ತೇಲಿಸಲಿಲ್ಲ, ಪಾದ ಒಳಕ್ಕೆ ತಿರುಗಿಸಿ ನೆಲ ಒದೆಸಿದ. ಸಭೆಯಲ್ಲಿ ಕೂಗಾಟ ಎದ್ದಿತು. ಭಾರದ ವೇಷ ಮೈಯನ್ನು ಭೂಮಿಯ ಕಡೆಗೆ ಎಳೆಯುತ್ತದೆ ಎಂಬ ಸತ್ಯ ನಮ್ಮ ಅಟ್ಟಗಳ ಮೇಲೆ ಹಳೆಯದು, ಪ್ಯಾರಿಸ್ಸಿಗೆ ಅದು ಹೊಸ ಆಘಾತ. ರೋರಿಚ್ ಕೊನೆಗೆ ಭಾರತದಲ್ಲೇ ನೆಲೆಸಿದ. ಬೆಂಗಳೂರಿನ ತಾತಗುಣಿ ತೋಟದಲ್ಲಿ ದೇವಿಕಾರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಚ್ ಅವನ ಮಗ.

ಬ್ಯಾಲೆಯ ಈ ಜಗಳದ ದಿನಗಳಲ್ಲಿ ನಮ್ಮ ಮೂರೂ ತಾಲ್ಲೂಕು ನಿಜಾಮನ ಸೀಮೆಯಲ್ಲಿದ್ದವು, ಅಜಂತಾ ಕೂಡ. ರಷ್ಯದ ನರ್ತಕಿ ಅನ್ನಾ ಪಾವ್ಲೋವಾ 1922ರಲ್ಲಿ ಭಾರತ ಸುತ್ತಿ ಹೋಗಿ, ಮರುವರ್ಷ ಲಂಡನ್ನಿನಲ್ಲಿ ಅಜಂತಾ ಚಿತ್ರಗಳ ಮೇಲೆ ಒಂದು ಬ್ಯಾಲೆ ಆಡಿಸಿದಳು. ಇನ್ನೊಂದು ಬ್ಯಾಲೆಯಲ್ಲಿ ತರುಣ ಉದಯಶಂಕರ್ ಜೊತೆ ತಾನೇ ರಾಧೆಯಾಗಿ ಕುಣಿದಳು. ಇತ್ತ ಗಡಿಯಾಚೆಯ ಮರಾಠಿ ರಂಗದಲ್ಲಿ 1913ರಲ್ಲಿ ಸ್ವಂತ ಮಂಡಳಿ ಕಟ್ಟಿದ ಬಾಲಗಂಧರ್ವರು ನಿಜವಾದ ರೇಷ್ಮೆ, ಜರಿ ಸೀರೆ ಉಟ್ಟು ನಾಯಕಿಯಾಗಿ ಬಂದರೆ, ಮನೆಯ ಹೆಂಗಸರು ಅವರಂತೆ ಸೀರೆ ಉಡಲು ಕಲಿತರು. ಕನ್ನಡ ಕಂಪನಿಗಳಿಗೂ ಮಖಮಲ್ಲು, ಜರಿ ಬಂತು; ಪೌರಾಣಿಕ ನಾಟಕದ ರಾಜನ ಹೆಗಲಿನಿಂದ ಮರ ಇಳಿಯಿತು. ಮುಂದೆ ಸಾಮಾಜಿಕ ನಾಟಕದ ಕಾಲ. ಜೇವರ್ಗಿ ರಾಜಣ್ಣನವರಂಥವರ ಕಂಪನಿಗಳು ಊರೂರಲ್ಲಿ ಕ್ಯಾಂಪು ಹಾಕಿ ನಗಿಸಿದ ನಾಟಕಗಳಿಗೆ ಸೀರೆ, ಪ್ಯಾಂಟು, ಧೋತರ ಸಾಕು. ಜಾತ್ರೆಯ ಹವ್ಯಾಸಿ ನಾಟಕಕ್ಕಂತೂ ಡ್ರಾಮಾ ಸೀನ್ಸಿನವರೇ ಪರದೆ, ಡ್ರೆಸ್ಸು ಎಲ್ಲ ಬಾಡಿಗೆಗೆ ತಂದು ಕೊಟ್ಟು ಬೆಳಗಾಗುವಷ್ಟರಲ್ಲಿ ಕಟ್ಟಿಕೊಂಡು ಹೋಗುತ್ತಾರೆ.

ಹೀಗೆ ಊರಿನ ಸ್ವಂತ ವೇಷಕ್ಕೆ ಕೆಲಸ ತಪ್ಪಿತು. ನನಗೆ ಸಂಕಟವಾಗುವುದು ಇಲ್ಲಿ. ಡಿಯಾಗಿಲೆವ್ 1929ರಲ್ಲಿ ಸತ್ತ ಮೇಲೆ ಅವನ ತಂಡದ ಬಟ್ಟೆಗಳು ಕೊನೆಗೆ ಗೋದಾಮು ಸೇರಿ ಕೊಳೆಯುತ್ತಿದ್ದವು. 1960ರ ದಶಕದ ಕೊನೆಯಿಂದ ಅವು ಹರಾಜಿಗೆ ಬಂದಾಗ ಲಂಡನ್, ಕ್ಯಾನ್‌ಬೆರಾಗಳ ಮ್ಯೂಸಿಯಮ್ಮುಗಳು ಕೊಂಡು ಕಾಪಾಡಿದವು. ನೀಲಿ ದೇವರ ವೇಷ ಇಂದು ಆಸ್ಟ್ರೇಲಿಯಾದಲ್ಲಿದೆ. ರೋರಿಚ್‌ನ ಉಣ್ಣೆ ಅಂಗಿಗಳು ಲಂಡನ್ನಿನಲ್ಲಿವೆ. ನೋಡಿದವರು ಆ ನೃತ್ಯದ ಹೆಜ್ಜೆ ಎಷ್ಟು ಭಾರವಾಗಿತ್ತೆಂದು ಊಹಿಸಬಲ್ಲರು. ನಮ್ಮ ಎದೆಹಾರಕ್ಕೆ ಅಂಥ ಹರಾಜಿನ ಭಾಗ್ಯವೂ ಇಲ್ಲ. ಗುಡಿಯ ಅಟ್ಟದಲ್ಲಿ ಗೆದ್ದಲು ಹಿಡಿದರೆ ಒಲೆಗೆ ಹೋಗುತ್ತದೆ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ರಂಗಾಯಣವಿದೆ, ರಾಜ್ಯಕ್ಕೊಂದು ಬಯಲಾಟ ಅಕಾಡೆಮಿಯಿದೆ. ಮೂರೂ ತಾಲ್ಲೂಕುಗಳ ಹಳ್ಳಿ ಹಳ್ಳಿಗೆ ಹೋಗಿ ಉಳಿದ ವೇಷಗಳನ್ನು ಅಳೆದು, ತೂಗಿ, ಫೋಟೊ ತೆಗೆದು ದಾಖಲಿಸುವ ಕೆಲಸವನ್ನು ಇವು ಕೂಡಿ ಕೈಗೆತ್ತಿಕೊಳ್ಳಬೇಕು. ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ, ಊರ ಗುಡಿಯಲ್ಲಿ ಹಳೆಯ ಕಿರೀಟವೋ ಭುಜಕೀರ್ತಿಯೋ ಇದ್ದರೆ ಹೊಸ ಬಣ್ಣ ಬಳಿಯಬೇಡಿ, ಗುಜರಿಗೆ ಹಾಕಬೇಡಿ. ಕೊರೆದ ಬಡಿಗರು ಯಾರು, ಯಾವ ಪಾತ್ರಕ್ಕೆ ಕಟ್ಟುತ್ತಿದ್ದರು, ಕಟ್ಟಿಕೊಂಡು ಕುಣಿದವರು ಯಾರು ಎಂಬುದನ್ನು ಊರ ಹಿರಿಯರಿಂದ ಕೇಳಿ, ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಿ.