ಒತ್ತುವ ಕೈ, ಓದುವ ಕಣ್ಣು

ಮ್ಯಾಮೊಗ್ರಾಂ ಎಂದರೆ ನಮಗೆ ನೆನಪಾಗುವುದು ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು. ಆದರೆ ಆ ರಿಪೋರ್ಟಿನ ಹಣೆಬರಹದ ಅರ್ಧಭಾಗ ಪಕ್ಕದ ಕೋಣೆಯ ಟೆಕ್ನಾಲಜಿಸ್ಟ್ ಕೈಯಲ್ಲಿ ಮೊದಲೇ ಬರೆದಾಗಿರುತ್ತದೆ.

ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ಹಿಡಿದು ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಎರಡೂ ಬದಿಗೆ ಸೇರಿ ನಾಲ್ಕು ಚಿತ್ರ ತೆಗೆಯುತ್ತಾರೆ. ಒತ್ತಿದಾಗ ಅಂಗಾಂಶ ತೆಳ್ಳಗೆ ಹರಡಿ, ಒಂದರ ಮೇಲೊಂದು ಬಿದ್ದಿದ್ದ ನೆರಳುಗಳು ಬಿಡಿಬಿಡಿಯಾಗುತ್ತವೆ. ವಿಕಿರಣವೂ ಕಡಿಮೆ ಸಾಕಾಗುತ್ತದೆ. ಓರೆ ಚಿತ್ರದಲ್ಲಿ ಎದೆಯ ಸ್ನಾಯು ಮೊಲೆತೊಟ್ಟಿನ ಮಟ್ಟದವರೆಗೆ ಇಳಿದು ಕಾಣಬೇಕು. ಕಾಣದಿದ್ದರೆ ಹಿಂಬದಿಯ ಒಂದಿಷ್ಟು ಭಾಗ ಹೊರಗುಳಿದಿರಬಹುದು. ಚಿತ್ರಕ್ಕೇ ಬಾರದ ಗಂಟನ್ನು ಎಂಥ ತಜ್ಞರೂ ಓದಲಾರರು. ನಾಚಿಕೆ, ನೋವು, ಭಯ ಮೂರನ್ನೂ ಹೊತ್ತು ಬಂದವರಿಗೆ ‘ಅಮ್ಮಾ, ಭುಜ ಸಡಿಲ ಬಿಡಿ, ಸ್ವಲ್ಪ ಹೊತ್ತು ಅಷ್ಟೇ’ ಎನ್ನುತ್ತಲೇ ಇದನ್ನೆಲ್ಲ ಸಾಧಿಸಬೇಕು. ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ ಆಸ್ಪತ್ರೆಗಳು ಹುಡುಕುವುದು ಸಹಜ.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇಲ್ಲಿಗೆ ದಾರಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಹಲವು ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಕೆಲಸಕ್ಕೆ ಸೇರಿದವರ ಎದೆಯ ಮೇಲೊಂದು ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಲೆಕ್ಕ ನೋಡುತ್ತಾರೆ.

ವೈದ್ಯರ ದಾರಿ ಉದ್ದ. ಎಂಬಿಬಿಎಸ್, ನೀಟ್ ಪಿಜಿ, ಆಮೇಲೆ ಮೂರು ವರ್ಷದ ಎಂ.ಡಿ. ಮೊದಲ ರ‍್ಯಾಂಕಿನವರು ಮುಗಿಬಿದ್ದು ಆರಿಸುವ ಸೀಟು ರೇಡಿಯಾಲಜಿ. ‘ರೋಗಿಗಳ ಕಾಟವಿಲ್ಲ, ಎಸಿ ಕೋಣೆ’ ಎಂಬ ಲೆಕ್ಕ ಕೆಲವರದು. ಅಂಥವರು ಸ್ತನ ವಿಭಾಗಕ್ಕೆ ಬಾರದಿರುವುದೇ ವಾಸಿ! ಇಲ್ಲಿ ಚಿತ್ರ ಓದಿದವರೇ ಅಲ್ಟ್ರಾಸೌಂಡ್ ಪ್ರೋಬ್ ಹಿಡಿಯುತ್ತಾರೆ, ಸೂಜಿ ಹಾಕಿ ಬಯಾಪ್ಸಿ ತೆಗೆಯುತ್ತಾರೆ. ಎಷ್ಟೋ ಸಲ ಕೆಟ್ಟ ಸುದ್ದಿಯ ಮೊದಲ ಸುಳಿವು ಕೊಡಬೇಕಾದವರೂ ಅವರೇ. ಓದುವುದೂ ಸುಲಭವಲ್ಲ. ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ. ಕ್ಯಾನ್ಸರ್ ಗಂಟೂ ಬೆಳ್ಳಗೆ. ಗ್ರಂಥಿ ಹೆಚ್ಚಿರುವ ಎಳೆ ವಯಸ್ಸಿನವರಲ್ಲಿ ಮಂಜಿನೊಳಗೆ ಬಿಳಿ ಹಸು ಹುಡುಕಿದಂತೆ. ಕಂಡದ್ದನ್ನು ಬೈ-ರ‍್ಯಾಡ್ಸ್ ಪದ್ಧತಿಯಲ್ಲಿ 0ಯಿಂದ 6ರವರೆಗಿನ ಅಂಕಿಯಾಗಿ ಬರೆಯುತ್ತಾರೆ. 4 ಅಥವಾ 5 ಬಂದರೆ ಬಯಾಪ್ಸಿ.

ಬ್ರಿಟನ್ನಿನಲ್ಲಿ 1988ರಿಂದಲೇ ಸರ್ಕಾರಿ ತಪಾಸಣೆ ನಡೆದಿದೆ. ಅಲ್ಲಿ ವಿಶೇಷ ತರಬೇತಿ ಪಡೆದ ರೇಡಿಯೋಗ್ರಾಫರುಗಳೂ ಚಿತ್ರ ಓದಿ ಅಭಿಪ್ರಾಯ ಕೊಡುತ್ತಾರೆ. ನಮ್ಮಲ್ಲಿ ಓದುವುದು ವೈದ್ಯರ ಹಕ್ಕಾಗಿಯೇ ಉಳಿದಿದೆ. ಈಗ ಮೂರನೆಯ ಓದುಗನೂ ಬಂದಿದ್ದಾನೆ. ಸುಮಾರು 80,000 ಮಹಿಳೆಯರ ಮೇಲೆ ಸ್ವೀಡನ್ನಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು: ಕೃತಕ ಬುದ್ಧಿಮತ್ತೆಯ ನೆರವಿನಿಂದ ವೈದ್ಯರ ಓದುವ ಹೊರೆ ಶೇ 44ರಷ್ಟು ಇಳಿದಿತ್ತು. ರೇಡಿಯಾಲಜಿ ಸೇರುವವರು ಇದನ್ನು ಯೋಚಿಸಲಿ. ಟೆಕ್ನಾಲಜಿಸ್ಟ್ ಕೆಲಸಕ್ಕೆ ಮಾತ್ರ ಸದ್ಯಕ್ಕೆ ಆ ಆತಂಕ ಅಷ್ಟಾಗಿ ಕಾಣದು.

ಕೋರ್ಸಿಗೆ ಸೇರುವ ಮುನ್ನ ಕಾಲೇಜಿನವರನ್ನು ಒಂದು ಮಾತು ಕೇಳಿ: ನಿಮ್ಮ ಆಸ್ಪತ್ರೆಯಲ್ಲಿ ಮ್ಯಾಮೊಗ್ರಫಿ ಯಂತ್ರ ಇದೆಯೇ, ವಿದ್ಯಾರ್ಥಿಗಳನ್ನು ಅದರ ಹತ್ತಿರ ಬಿಡುತ್ತೀರಾ?