ಬಾಣ ನೋಡಿ ಬಿಲ್ಲು ಹೇಳು

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಪಡಸಾಲೆಯಲ್ಲಿ ಎದೆಮಟ್ಟ ನೀರು. ಮೆಣಸಗಿಯವರಿಗೆ ಇದು ಹೊಸದಲ್ಲ. ಬೆಣ್ಣೆಹಳ್ಳ ಬಂದು ಮಲಪ್ರಭೆಗೆ ಕೂಡುವುದು ನಮ್ಮೂರ ಹತ್ತಿರವೇ. ಹೊಳೆ ತುಂಬಿದರೆ ಹಳ್ಳಕ್ಕೂ ದಾರಿಯಿಲ್ಲ, ಎರಡೂ ಸೇರಿ ಊರೊಳಗೆ ಬರುತ್ತವೆ. ದನ, ಜೋಳದ ಚೀಲ, ಹೊಲದ ಕಾಗದಪತ್ರ ಇವಷ್ಟನ್ನು ಎತ್ತರದ ಜಾಗಕ್ಕೆ ಸಾಗಿಸಿದೆವು. ಮೂಲೆಯಲ್ಲಿ ಕೂರಿಗೆ, ಕುಂಟೆಗಳ ಜೊತೆ ನಿಂತಿದ್ದ ಅಜ್ಜನ ಬಿಲ್ಲು ಯಾರ ನೆನಪಿಗೂ ಬರಲಿಲ್ಲ.

ನೀರಿಳಿದ ಮೇಲೆ ಅದು ಕೆಸರಿನಲ್ಲಿ ಸಿಕ್ಕಿತು. ಬಿಸಿಲಿಗೆ ಇಟ್ಟೆ. ಅದೇ ತಪ್ಪಾಯಿತು. ಮೂರನೇ ದಿನಕ್ಕೆ ಹಿಡಿಯಿಂದ ತುದಿಯವರೆಗೆ ಉದ್ದಕ್ಕೆ ಸೀಳು ಬಿಟ್ಟಿತು. ಐದು ಬಾಣಗಳಲ್ಲಿ ನಾಲ್ಕು ನೀರುಪಾಲು. ಮೇಲೆ ಜಂತಿಯ ಸಂದಿಯಲ್ಲಿ ಸಿಕ್ಕಿಸಿದ್ದ ಒಂದು ಮಾತ್ರ ಉಳಿಯಿತು.

ನಾನು ಮೂವತ್ತು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿದವನು. ಖೋಖೋ, ಕಬಡ್ಡಿ ಜೊತೆಗೆ ಒಂದಷ್ಟು ವರ್ಷ ಹುಡುಗರಿಗೆ ಬಿದಿರಿನ ಬಿಲ್ಲು ಹಿಡಿಯುವುದನ್ನೂ ಕಲಿಸಿದ್ದೇನೆ. ನಿವೃತ್ತಿಯಾದ ಮೇಲೆ ನನಗೆಂದೇ ಒಂದು ಬಿಲ್ಲು ಮಾಡಿಕೊಂಡೆ. ಅಜ್ಜನ ಬಾಣವನ್ನು ಅದಕ್ಕೆ ಹೂಡಿ ಹತ್ತು ಹೆಜ್ಜೆ ದೂರದ ಗೋಣಿಚೀಲಕ್ಕೆ ಬಿಟ್ಟೆ. ಗುರಿಗಿಂತ ನಾಲ್ಕು ಬೆರಳು ಎಡಕ್ಕೆ ನಾಟಿತು. ಮತ್ತೆ ಬಿಟ್ಟೆ, ಮತ್ತೆ ಎಡಕ್ಕೆ. ನನ್ನ ಬಾಣಗಳು ನಡುವಿಗೇ ಹೋಗುತ್ತಿದ್ದವು. ಅಜ್ಜನದು ಮಾತ್ರ ಹಟ ಹಿಡಿದ ಎತ್ತಿನ ಹಾಗೆ ಎಡಕ್ಕೇ ಎಳೆಯುತ್ತಿತ್ತು. ಕಾರಣ ಹುಡುಕಲು ಹೋಗಿ, ಇಷ್ಟು ವರ್ಷ ಬಾಯಿಪಾಠ ಮಾಡಿ ಹೇಳುತ್ತಿದ್ದ ಸಂಗತಿಗಳು ಆಗ ಅರ್ಥವಾದವು.

ಬೇಡರ ಮನೆಯ ಹತಾರ

ನಮ್ಮದು ಬೇಡರ ಮನೆತನ. ಬೇಡ ಅಂದಕೂಡಲೇ ಜನರಿಗೆ ನೆನಪಾಗುವುದು 1954ರ ‘ಬೇಡರ ಕಣ್ಣಪ್ಪ’ದ ರಾಜಕುಮಾರ್. ಓದಿದವರಿಗೆ ಹಲಗಲಿ ನೆನಪಾಗುತ್ತದೆ. ಮುಧೋಳ ಸೀಮೆಯ ಆ ಹಳ್ಳಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದು ಕಂಪನಿ ಸರಕಾರಕ್ಕೆ ಎದುರು ನಿಂತರು. ಆ ಹೋರಾಟದ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಸಾಹೇಬ ಬರೆದಿಟ್ಟುಕೊಂಡಿದ್ದರಿಂದ ನಮ್ಮ ಪಠ್ಯಪುಸ್ತಕದವರೆಗೆ ಬಂತು. ಹತಾರ ಕೇಳಿದ್ದಕ್ಕೆ ಪ್ರಾಣ ಕೊಟ್ಟರಲ್ಲ ಎಂದು ಈಗಿನವರಿಗೆ ಅಚ್ಚರಿ. ಬೇಡನಿಗೆ ಅದು ಕೂರಿಗೆ ಇದ್ದಂತೆ, ಹೊಟ್ಟೆಯ ದಾರಿ.

ಬಯಲುಸೀಮೆಯಲ್ಲಿ ಬೇಟೆ ಅಂದರೆ ಹೆಚ್ಚಾಗಿ ನಾಯಿ, ಬಲೆ, ಬಡಿಗೆ. ಯುಗಾದಿಯ ಸುತ್ತ ಹೊಲ ಬಯಲಾದಾಗ ಮೊಲದ ಬೆನ್ನು ಹತ್ತುತ್ತಿದ್ದರು. ಜೋಳ ಹಾಲುಗಾಳಿದ್ದಾಗ ಮಂಚಿಗೆಯ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸುತ್ತಿದ್ದರು. ಬಿಲ್ಲು ಬೇಕಾಗುತ್ತಿದ್ದುದು ರಾತ್ರಿ ಹೊಳೆದಂಡೆಯ ಜಾಲಿಕಂಟಿಯಿಂದ ಬರುವ ಹಂದಿಗೆ. ಅಜ್ಜ ಹೊಡೆದ ಬೇಟೆಯ ಸುದ್ದಿ ಹೇಳಿದ್ದು ಕಡಿಮೆ, ಕಳೆದ ಬಾಣದ ಸುದ್ದಿ ಹೇಳಿದ್ದೇ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಕೈ ಹಿಡಿಸುವಷ್ಟು ಬಿರಿಯುತ್ತದೆ. ಗುರಿ ತಪ್ಪಿದ ಬಾಣ ಆ ಬಿರುಕಿನೊಳಗೆ ಇಳಿಯಿತೆಂದರೆ ಭೂಮಿತಾಯಿ ನುಂಗಿದಂತೆಯೇ. “ಬಿಲ್ಲ ಯಾರರ ಮಾಡ್ತಾರ ತಮ್ಮಾ, ಬಾಣ ಮಾಡೂದ ಕಷ್ಟ” ಅನ್ನುತ್ತಿದ್ದ. ಒಂದು ಬಾಣಕ್ಕೆ ಎರಡು ದಿನದ ಕೆಲಸ ಹಿಡಿಯುತ್ತಿತ್ತು. ನನಗೆ ಆಗ ಅದು ಮುದುಕರ ಮಾತು.

ಬಿಲ್ಲು: ತೊಗಲು ಹೊರಗೆ

ಎರೆಭೂಮಿಯಲ್ಲಿ ಬಿದಿರು ಬೆಳೆಯುವುದಿಲ್ಲ. ಬುಟ್ಟಿ, ಮೊರ ಹೆಣೆಯುವ ಮೇದಾರರಿಗೆ ಬರುವ ಬಿದಿರಿನಲ್ಲೇ ನೋಡಿ ಆರಿಸಬೇಕು. ಬುಟ್ಟಿಗೆ ಸೀಳಲು ತೆಳು ಗೋಡೆಯ ಬಿದಿರು ಚೆಂದ. ಬಿಲ್ಲಿಗೆ ಬೇಕಾದುದು ಗಂಡು ಬಿದಿರು, ಲಾಠಿ ಮಾಡುವಂಥದು, ಒಳಗೆ ಪೊಳ್ಳು ಕಡಿಮೆ. ಮೂರ್ನಾಲ್ಕು ವರ್ಷ ಬಲಿತಿರಬೇಕು. ಕಡಿದ ಮೇಲೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಅವಸರದ ಬಿಸಿಲು ಅಜ್ಜನ ಬಿಲ್ಲಿಗೆ ಏನು ಮಾಡಿತೆಂದು ಮೇಲೆ ಹೇಳಿದೆನಲ್ಲ.

ಬಿಲ್ಲು ನಿಂತ ಮನುಷ್ಯನಷ್ಟು ಉದ್ದ. ಬಿದಿರಿನ ಹಸಿರು ತೊಗಲಿನ ಕಡೆ ಗುರಿಯತ್ತ ಇರಬೇಕು, ಕೆತ್ತಿದ ಕಡೆ ನಮ್ಮತ್ತ. ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿದಿರಿನ ಗಟ್ಟಿ ನಾರೆಲ್ಲ ತೊಗಲಿನ ಹತ್ತಿರವೇ ಒತ್ತಾಗಿರುವುದರಿಂದ ಹಿಗ್ಗುವ ಕೆಲಸ ಅದಕ್ಕೇ ಸಲ್ಲಬೇಕು. ತೊಗಲಿನ ಮೇಲೆ ಕೊಯ್ತ ತಾಗಿಸಿದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಒಳಮೈಯನ್ನು ಮಾತ್ರ ಕೆತ್ತುತ್ತ ಬಂದು, ಕೊನೆಗೆ ಗಾಜಿನ ಚೂರಿನಿಂದ ಹೆರೆಯುವುದು. ಹತ್ತು ಸಲ ಹೆರೆದರೆ ಒಮ್ಮೆ ಬಾಗಿಸಿ ನೋಡುವುದು. ಎರಡೂ ತೋಳು ಒಂದೇ ಸಮ ಬಾಗಬೇಕು, ಒಂದು ಕಡೆ ಮೊಣಕೈಯಂತೆ ಮಡಚಿದರೆ ಕೆಲಸ ಕೆಟ್ಟಿತು.

ಹೆದೆಗೆ ಅಜ್ಜ ಪುಂಡಿನಾರು ಹೊಸೆಯುತ್ತಿದ್ದ, ನಾನು ನೈಲಾನ್ ದಾರ ಹಾಕಿದ್ದೇನೆ. ಬಿಲ್ಲಿನ ಬಲ ಅಳೆಯಲು ಬೇವಿನ ಕೊಂಬೆಗೆ ತೂಗುಹಾಕಿ, ಹತ್ತಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಎಳೆದೆ. ಪೂರಾ ಸೆಳೆತಕ್ಕೆ 14 ಕಿಲೋ ತೋರಿಸಿತು. ಹುಡುಗರಿಗೆ ಇದರ ಅರ್ಧ ಸಾಕು. ಬಲ ಮೀರಿದ ಬಿಲ್ಲು ಹಿಡಿದವನು ಗುರಿ ನೋಡುವುದಿಲ್ಲ, ಸೆಳೆಯುವ ಕಷ್ಟವನ್ನೇ ನೋಡುತ್ತಾನೆ.

ಬಾಣ: ಹಾವಿನ ನಡಿಗೆ

ಈಗ ಅಜ್ಜನ ಮಾತಿಗೆ ಬರೋಣ. ನಮ್ಮೂರ ಹುಡುಗರು ಜೋಳದ ತೆನೆಯ ಕೆಳಗಿನ ತೆಳ್ಳನೆ ದಂಟಿನಿಂದ ಬಾಣ ಮಾಡುತ್ತಾರೆ. ಬರಿಯ ದಂಟು ಬಿಟ್ಟರೆ ಗಾಳಿಯಲ್ಲಿ ಅಡ್ಡಾಗಿ ಬೀಳುತ್ತದೆ. ತುದಿಗೆ ಜಾಲಿಮುಳ್ಳು ಚುಚ್ಚಿ, ಮುಳ್ಳಿನ ಬುಡಕ್ಕೆ ಚಿಟಿಕೆ ಎರೆಮಣ್ಣು ಮೆತ್ತಿದರೆ ನೆಟ್ಟಗೆ ಹೋಗುತ್ತದೆ. ಇದೇ ಮೊದಲ ಪಾಠ: ಬಾಣದ ಮೂತಿ ಭಾರ ಇರಬೇಕು. ಬಾಣವನ್ನು ಬೆರಳ ಮೇಲೆ ತೂಗಿ ನೋಡಿ. 30 ಇಂಚಿನ ಬಾಣ ನಟ್ಟನಡುವೆ ನಿಲ್ಲದೆ, ಮೂರು ಇಂಚಾದರೂ ಮುಂದೆ ನಿಲ್ಲಬೇಕು. ಮುಂದೆ ಭಾರ, ಹಿಂದೆ ಗರಿ. ಗರಿ ಗಾಳಿಯನ್ನು ಹಿಡಿದು ಬಾಲವನ್ನು ಮೂತಿಯ ಹಿಂದೆಯೇ ಇಡುತ್ತದೆ. ಮೂರು ಗರಿಯೂ ಕೋಳಿಯ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಎಡರೆಕ್ಕೆಯ ಗರಿ ಒಂದು ಕಡೆ ಹೊರಳಿದರೆ ಬಲರೆಕ್ಕೆಯದು ಇನ್ನೊಂದು ಕಡೆ ಹೊರಳುತ್ತದೆ. ಎರಡನ್ನೂ ಕೂಡಿಸಿದರೆ ಒಂದು ನೊಗಕ್ಕೆ ಎತ್ತು ಕೋಣ ಕಟ್ಟಿದಂತೆ. ಗರಿ ಕಟ್ಟಿದ ಈ ಹಿಂಬದಿಗೆ ಹಳಗನ್ನಡದಿಂದ ಬಂದ ಚೆಂದದ ಹೆಸರಿದೆ: ಹಿಳುಕು.

ಎರಡನೇ ಪಾಠ ಸೂಕ್ಷ್ಮ. ಬಲಗೈಯಲ್ಲಿ ಹೆದೆ ಸೆಳೆಯುವವನ ಬಾಣ ಬಿಲ್ಲಿನ ಎಡಮೈಗೆ ಒರಗಿರುತ್ತದೆ. ಹೆದೆ ದೂಡುವುದು ಬಿಲ್ಲಿನ ನಡುವಿಗೆ. ಅಲ್ಲಿ ಬಿದಿರೇ ಅಡ್ಡ ಇದೆ. ಲೆಕ್ಕದ ಪ್ರಕಾರ ಪ್ರತಿ ಬಾಣವೂ ಎಡಕ್ಕೆ ಹೋಗಬೇಕು. ಆದರೂ ನೆಟ್ಟಗೆ ಹೋಗುತ್ತದೆ, ಹೇಗೆ? 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್ಮನ್ ಅತಿವೇಗದ ಕ್ಯಾಮೆರಾ ಇಟ್ಟು ತೋರಿಸಿದರು: ಬಾಣ ಹೊರಡುವಾಗ ಕೋಲಿನಂತೆ ಇರುವುದಿಲ್ಲ, ಹಾವಿನಂತೆ ಬಳುಕುತ್ತದೆ. ಒಮ್ಮೆ ಒಳಕ್ಕೆ ಬಾಗಿ, ಮರುಗಳಿಗೆ ಹೊರಕ್ಕೆ ಬಾಗಿ, ಬಿಲ್ಲಿಗೆ ಬಾಲ ತಾಗದಂತೆ ಸುತ್ತುಹಾಕಿ ದಾಟುತ್ತದೆ. ಎಷ್ಟು ಬಳುಕಬೇಕು ಎಂಬುದು ಬಿಲ್ಲಿನ ಬಲದ ಮೇಲೆ ನಿಂತಿದೆ. ಬಿಲ್ಲಿಗೆ ಮೀರಿ ಮೆತ್ತಗಿದ್ದರೆ ಬಾಣ ಬಲಕ್ಕೆ ಹೋಗುತ್ತದೆ. ಮೀರಿ ಬಿರುಸಾಗಿದ್ದರೆ ಎಡಕ್ಕೆ.

ಎಡಕ್ಕೆ! ಅಜ್ಜನ ಬಾಣ ಸೊಟ್ಟಗಿರಲಿಲ್ಲ, ನನ್ನ ಬಿಲ್ಲಿಗೆ ಅದು ಬಿರುಸು.

ಕಾರ್ಖಾನೆಯ ಬಾಣಗಳ ಮೇಲೆ ಈ ಬಳುಕಿನ ಅಂಕಿ ಅಚ್ಚಾಗಿರುತ್ತದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು, ನಡುವೆ ಸುಮಾರು 880 ಗ್ರಾಂ ತೂಗುಬಿಟ್ಟಾಗ ಅರ್ಧ ಇಂಚು ಬಾಗಿದರೆ ಅದು 500ರ ಬಾಣ. ಅಂಕಿ ಕಡಿಮೆಯಾದಷ್ಟೂ ಬಿರುಸು ಹೆಚ್ಚು. ನಾನು ಅಂಗಳದಲ್ಲಿ ಎರಡು ಇಟ್ಟಿಗೆ ನಿಲ್ಲಿಸಿದೆ. ಅಜ್ಜನ ಬಾಣ 26 ಇಂಚೇ ಇದ್ದುದರಿಂದ ಇಟ್ಟಿಗೆಗಳನ್ನು ಎರಡು ಅಡಿಗೆ ತಂದೆ. ಒಂದು ಕಿಲೋ ಕಲ್ಲು ತೂಗುಬಿಟ್ಟೆ. ನನ್ನ ಬಾಣ ಒಂದು ಬೆರಳ ದಪ್ಪ ಬಾಗಿತು. ಅಜ್ಜನದು ಅದರ ಅರ್ಧ.

ಬಿಡುವ ಮೊದಲು, ಬಿಟ್ಟ ಮೇಲೆ

ಹುಡುಗರು ಬಂದ ಮೊದಲ ದಿನವೇ ಗುರಿ ಕೇಳುತ್ತಾರೆ. ನಾನು ಕೊಡುವುದಿಲ್ಲ. ಹಳೇ ಬಟ್ಟೆ ತುಂಬಿದ ಚೀಲದ ಎದುರು ಐದೇ ಹೆಜ್ಜೆ ದೂರ ನಿಲ್ಲಿಸಿ, ಸೆಳೆದ ಮೇಲೆ ಕಣ್ಣು ಮುಚ್ಚಿ ಬಾಣ ಬಿಡಿಸುತ್ತೇನೆ. ವಾರವಿಡೀ ಇಷ್ಟೇ. ಕಣ್ಣು ಮುಚ್ಚಿದಾಗ ಮೈ ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಮೂರು ಬೆರಳಲ್ಲಿ ಹೆದೆ ಹಿಡಿದು, ತೋಳಿಗಿಂತ ಬೆನ್ನಿನಿಂದ ಸೆಳೆಯಬೇಕು. ಕೈ ಪ್ರತಿ ಸಲ ಬಾಯಿಯ ಮೂಲೆಗೇ ಬಂದು ನಿಲ್ಲಬೇಕು. ಇವತ್ತು ಗಲ್ಲಕ್ಕೆ, ನಾಳೆ ಕಿವಿಗೆ ಎಳೆದರೆ ಬಿಲ್ಲಿನ ಬಲವೇ ಬದಲಾಗುತ್ತದೆ. ಬಿಡುವುದೆಂದರೆ ಬೆರಳು ಬಿಚ್ಚುವುದಲ್ಲ, ಹಿಡಿತ ಸಡಿಲಿಸುವುದು. ಬಾಣ ನಾಟಿದ ಸದ್ದು ಕೇಳುವತನಕ ಬಿಲ್ಲಿನ ಕೈ ಇಳಿಸಬಾರದು.

ಮೂರು ಕಟ್ಟುನಿಟ್ಟು. ಬಾಣವಿಲ್ಲದೆ ಬರಿ ಹೆದೆ ಸೆಳೆದು ಬಿಡಕೂಡದು: ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಬಿದಿರು ಸಿಡಿಯುತ್ತದೆ. ಆಟ ಮುಗಿದ ಮೇಲೆ ಹೆದೆ ಇಳಿಸಿಡಬೇಕು. ನಾನು ಸೀಟಿ ಊದುವತನಕ ಗೆರೆ ದಾಟಿ ಯಾರೂ ಬಾಣ ಹೆಕ್ಕಲು ಹೋಗಕೂಡದು. ಆಡಿದ ಮಾತು, ಬಿಟ್ಟ ಬಾಣ ಎನ್ನುವ ಗಾದೆ ಮೈದಾನದಲ್ಲಿ ಬರಿಯ ಗಾದೆಯಲ್ಲ.

ಬೇಟೆಗಾರ ಹತ್ತಿರ ಹೋಗಿಯೇ ಏಕೆ ಹೊಡೆಯುತ್ತಿದ್ದ ಎಂದು ಹುಡುಗರು ಕೇಳುತ್ತಾರೆ. ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ, ಬಿದಿರುಬಿಲ್ಲಿನ ಬಾಣ ಹೆಚ್ಚೂಕಡಿಮೆ ಅದರ ಎಂಟನೇ ಒಂದು ಭಾಗ. ಹೆದೆಯ ಸದ್ದು ಮೊದಲು ಮುಟ್ಟುತ್ತದೆ, ಚಿಗರಿ ನೆಗೆದಿರುತ್ತದೆ, ಬಾಣ ಬರುವುದು ಆಮೇಲೆ. ಅದಕ್ಕೇ ಹದಿನೈದಿಪ್ಪತ್ತು ಹೆಜ್ಜೆಯೊಳಗೆ ಸೇರುವ ತಾಳ್ಮೆಯೇ ಬೇಟೆಯ ಮುಕ್ಕಾಲು ಪಾಲು.

ಯಾರ ಬಾಣ?

ಅಜ್ಜನ ಬಾಣದ ಹಿಳುಕಿನ ಹತ್ತಿರ ಕಾದ ಕಬ್ಬಿಣದಿಂದ ಸುಟ್ಟ ಎರಡು ಉಂಗುರಗಳಿವೆ. ಅದು ಅವನ ಗುರುತು. ನಾಲ್ಕು ಜನ ಕೂಡಿ ಹೋದಾಗ ಮೊದಲು ತಾಗಿದ್ದು ಯಾರದೆಂದು ಜಗಳ ಆಗಬಾರದಲ್ಲ. ಈ ಜಗಳ ಬಹಳ ಹಳೆಯದು. ಅರ್ಜುನನಿಗೂ ಕಿರಾತರೂಪದ ಶಿವನಿಗೂ ಯುದ್ಧವಾಗಿದ್ದು ಒಂದೇ ಹಂದಿಗೆ ಇಬ್ಬರ ಬಾಣ ತಾಗಿದ್ದಕ್ಕೆ. ಆ ಕಥೆಯನ್ನು ಕಾವ್ಯ ಮಾಡಿದ ಭಾರವಿಯ ಹೆಸರು 634ರ ಐಹೊಳೆ ಶಾಸನದಲ್ಲಿದೆ. ಆ ಶಾಸನ ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ನಮ್ಮೂರು ದಾಟಿದ ಹೊಳೆಯೇ ಮುಂದೆ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮಕ್ಕೆ ಹೋಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹೊಡೆಯಲು ಯತ್ನಿಸುವುದೂ, ಬಲೆ ಹಾಕುವುದೂ ಬೇಟೆಯೇ. ನಮ್ಮ ಹೊಲದ ಕಡಲೆ ಮೇಯುವ ಚಿಗರಿಗೆ ಹುಲಿಯಂತೆಯೇ ಮೊದಲ ಪಟ್ಟಿಯ ರಕ್ಷಣೆ ಇದೆ. ಬೆಳೆ ಹಾಳಾದ ರೈತನಿಗೆ ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೂ ಬಿಲ್ಲು ಕಲಿಯಲು ಬಂದ ಹುಡುಗನಿಗೆ ಮೊದಲ ಮಾತು ಇದೇ: ಉಸಿರಾಡುವ ಯಾವುದರ ಕಡೆಗೂ ಬಾಣ ಹೂಡಬೇಡ, ಮೊಲಕ್ಕೂ ಇಲ್ಲ, ಬೆಳವಕ್ಕೂ ಇಲ್ಲ.

ಬೇಟೆ ಹೋದರೆ ವಿದ್ಯೆಯೂ ಹೋಗಬೇಕೆಂದಿಲ್ಲ. ಅಮೆರಿಕದಲ್ಲಿ 1911ರಲ್ಲಿ ಕಾಡಿನಿಂದ ಹೊರಬಂದ ಇಶಿ, ಯಾಹಿ ಜನರಲ್ಲಿ ಉಳಿದಿದ್ದ ಕೊನೆಯವನು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯ ಅವನಿಂದ ಬಿಲ್ಲು, ಬಾಣ ಮಾಡುವುದನ್ನು ಕಲಿತು 1923ರಲ್ಲಿ ಪುಸ್ತಕ ಬರೆದ. ಅಲ್ಲಿನ ಸಾಂಪ್ರದಾಯಿಕ ಬಿಲ್ಲುಗಾರಿಕೆ ಮತ್ತೆ ಚಿಗುರಲು ಅದೂ ಒಂದು ಕಾರಣ. ನಮ್ಮಲ್ಲಿ ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಬಿದಿರುಬಿಲ್ಲಿನಿಂದ ಶುರುಮಾಡಿ 1992ರಲ್ಲಿ ಬೀಜಿಂಗ್‌ನಲ್ಲಿ 360ಕ್ಕೆ 358 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಬಿದಿರುಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ಸ್ಪರ್ಧೆ ಇವತ್ತಿಗೂ ಇದೆ. ಗುರಿ ಹಿಡಿಯಲು ಯಾವ ಸಾಧನವೂ ಇಲ್ಲ. 30 ಮತ್ತು 50 ಮೀಟರ್ ದೂರ, ಬರಿಗಣ್ಣು.

ಅಜ್ಜನಿಗೆ ಒಂದು ಬಡಾಯಿ ಇತ್ತು: “ನನ್ನ ಬಿಲ್ಲಿಗೆ ಊರಾಗ ಇನ್ನೊಬ್ಬಾಂವ ಹೆದಿ ಏರ್ಸಿಲ್ಲ.” ಮನೆಯವರೆಲ್ಲ ನಗುತ್ತಿದ್ದೆವು. ಅವನು ತೀರಿಕೊಂಡ ಮೇಲೆ, ಒಣಗಿದ ಬಿದಿರು ಸಿಡಿದೀತೆಂದು ನಾನೂ ಆ ಬಿಲ್ಲಿಗೆ ಹೆದೆ ಏರಿಸಲಿಲ್ಲ. ಈಗ ಬಿಲ್ಲಿಲ್ಲ, ಬಾಣ ಇದೆ. ಅರ್ಧವೇ ಬಾಗುವ ಬಾಣಕ್ಕೆ ಹತ್ತಿರಹತ್ತಿರ ಎರಡುಪಟ್ಟು ಬಲದ ಬಿಲ್ಲು ಬೇಕು. 25 ಕಿಲೋ ಆಸುಪಾಸು. ಅಜ್ಜನ ಬಾಣ ನನ್ನದಕ್ಕಿಂತ ನಾಲ್ಕು ಇಂಚು ಗಿಡ್ಡ ಇರುವುದನ್ನು ನೋಡಿದರೆ ಅವನು ಬಾಯಿಯ ಮೂಲೆಗಲ್ಲ, ಎದೆಗೆ ಸೆಳೆದು ಬಿಡುತ್ತಿದ್ದ. ಅಷ್ಟು ಗಿಡ್ಡ ಸೆಳೆತದಲ್ಲಿ ಅಷ್ಟು ಬಲ!

ಮೊನ್ನೆ ಒಬ್ಬ ಹುಡುಗ ಆ ಬಾಣವನ್ನು ಹೂಡಿ ಬಿಟ್ಟ. ಎಡಕ್ಕೆ ಹೋಯಿತು. “ಸರ, ಈ ಬಾಣ ಕೆಟ್ಟೈತೇನ್ರಿ?” ಎಂದು ತಂದುಕೊಟ್ಟ.

“ಬಾಣ ಸರಿ ಐತೋ” ಅಂದೆ. “ನಮ್ಮ ಬಿಲ್ಲ ಸಾಲೂದಿಲ್ಲ.”