ಬಗ್ಗಡ ನೀರು ಹರಿದರೆ ಹೋಗೋದು ಮೇಲ್ಮಣ್ಣು

ಮಳೆ ಬಂದಾಗ ನಿಮ್ಮ ಹೊಲದಿಂದ ಬಗ್ಗಡ ನೀರು ಹೊರಗೆ ಹರಿಯುತ್ತಾ? ಕೊರಕಲು ಬಿದ್ದಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಕಣ್ಣಿಗೆ ಕಾಣದ ಈ ನಷ್ಟವನ್ನು ಜೀವನಪೂರ್ತಿ ಬೆನ್ನುಹತ್ತಿದವರು ಅಮೆರಿಕದ ಮಣ್ಣು ವಿಜ್ಞಾನಿ ಹ್ಯೂ ಹ್ಯಾಮಂಡ್ ಬೆನೆಟ್.

1881ರಲ್ಲಿ ಹತ್ತಿ ಬೆಳೆಯುವ ರೈತ ಕುಟುಂಬದಲ್ಲಿ ಹುಟ್ಟಿದ ಅವರು 1903ರಲ್ಲಿ ಸರ್ಕಾರದ ಮಣ್ಣು ಸಮೀಕ್ಷೆಗೆ ಸೇರಿದರು. 1905ರಲ್ಲಿ ವರ್ಜೀನಿಯಾ ರಾಜ್ಯದ ಲೂಯಿಸಾದಲ್ಲಿ ಅಕ್ಕಪಕ್ಕದ ಎರಡು ಜಾಗ ನೋಡಿದರು. ಇಳಿಜಾರು ಒಂದೇ, ಕೆಳಗಿನ ಬಂಡೆಯೂ ಒಂದೇ. ಆದರೆ ಕಾಡಿನ ಮಣ್ಣು ತೇವವಾಗಿ, ಕೈಯಲ್ಲೇ ಅಗೆಯುವಷ್ಟು ಮೆತ್ತಗಿತ್ತು. ಉಳುಮೆ ಹೊಲದಲ್ಲಿ ಗಟ್ಟಿ ಜೇಡಿ. ಪ್ರತಿ ಮಳೆಗೂ ಹಾಳೆಯಷ್ಟು ತೆಳುವಾಗಿ ಮೇಲ್ಮಣ್ಣು ಕೊಚ್ಚಿಹೋಗಿದ್ದೇ ಕಾರಣ. ಇದೇ ಪದರ ಸವೆತ. ಅವರ ಹೋರಾಟದಿಂದ 1935ರಲ್ಲಿ ಅಲ್ಲಿ ಮಣ್ಣು ಸಂರಕ್ಷಣಾ ಕಾಯ್ದೆ ಬಂತು.

ಮಣ್ಣು ಒಂದೇ ಹೋಗಲ್ಲ. ನೀವು ಹಾಕಿದ ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆರೆ ಸೇರುತ್ತೆ. ಅಲ್ಲಿ ಹೂಳು ತುಂಬುತ್ತೆ, ಪಾಚಿ ಹೆಚ್ಚುತ್ತೆ.

ಮುಂದಿನ ಮಳೆಗೆ ಹೊಲದಿಂದ ಹೊರಹೋಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ದಿನ ಇಡಿ. ತಳದಲ್ಲಿ ಕೂತ ಮಣ್ಣು ನೋಡಿ. ಆಮೇಲೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಬದು ಹಾಕಿ, ಬೆಳೆ ಉಳಿಕೆ ಸುಡದೆ ನೆಲಕ್ಕೆ ಹೊದಿಸಿ.